ಯಾವ ಔಷಧಿ ನಾಟುತ್ತದೆ? ಮೊದಲ ಮಾತ್ರೆಗೆ ಮುನ್ನ ಎರಡು ಚಮಚ ರಕ್ತ

ಮನೆಯಲ್ಲಿ ಒಬ್ಬರಿಗೆ ಜ್ವರ ಬಂದಿದೆ ಎಂದುಕೊಳ್ಳಿ. ಮೊದಲೆರಡು ದಿನ ಪ್ಯಾರಾಸಿಟಮಾಲ್ ಆಯಿತು. ಮೂರನೆಯ ದಿನ ಮೂಲೆಯ ಮೆಡಿಕಲ್ ಶಾಪಿನಿಂದ 'ಸ್ವಲ್ಪ ಸ್ಟ್ರಾಂಗ್' ಮಾತ್ರೆ ಬಂತು. ಎರಡು ಹೊತ್ತು ನುಂಗಿದರೂ ಮೈಬಿಸಿ ಇಳಿಯಲಿಲ್ಲವೆಂದು ನಾಲ್ಕನೆಯ ದಿನ ಅದನ್ನು ಬಿಟ್ಟು ಬೇರೊಂದು. ಆರನೆಯ ದಿನ ಡಾಕ್ಟರರ ಬಳಿ ಹೋದಾಗ ಅವರು ರಕ್ತ ಪರೀಕ್ಷೆಗೆ ಚೀಟಿ ಬರೆದುಕೊಟ್ಟರು. ಸಂಜೆಗೆ 'ವಿಡಾಲ್ ಪಾಸಿಟಿವ್' ಎಂಬ ರಿಪೋರ್ಟು ಕೈಗೆ ಬಂತು. ಟೈಫಾಯ್ಡ್ ಎಂದು ಗೊತ್ತಾಯಿತಲ್ಲ, ಇನ್ನು ಚಿಂತೆಯಿಲ್ಲ ಎಂದು ಮನೆಯವರು ಸಮಾಧಾನಪಟ್ಟುಕೊಂಡರು.

ನಿಜವಾಗಿ ಗೊತ್ತಾದದ್ದು ಬಹಳ ಕಡಿಮೆ. ಇದು ಟೈಫಾಯ್ಡ್ ಇರಬಹುದು, ಇಲ್ಲದೆಯೂ ಇರಬಹುದು. ಇದ್ದರೆ ಯಾವ ಔಷಧಿ ನಾಟುತ್ತದೆ ಎಂಬುದಂತೂ ಆ ಚೀಟಿಯಲ್ಲಿ ಎಲ್ಲಿಯೂ ಇಲ್ಲ. ಇವತ್ತು ಟೈಫಾಯ್ಡ್ ಆದವರ ಪಾಲಿಗೆ ಈ ಎರಡನೆಯ ಪ್ರಶ್ನೆಯೇ ದೊಡ್ಡದು. ಅದಕ್ಕೆ ಉತ್ತರ ಕೊಡುವ ಪರೀಕ್ಷೆ ಇದೆ. ಮೊದಲು ಅದಕ್ಕೆ ನಾಲ್ಕೈದು ದಿನ ಹಿಡಿಯುತ್ತಿತ್ತು. ಈಗ ಅದರ ಕೆಲವು ಹಂತಗಳು ಗಂಟೆಗಳ ಲೆಕ್ಕಕ್ಕೆ ಇಳಿದಿವೆ. ಆದರೆ ಲ್ಯಾಬು ಎಷ್ಟೇ ಚುರುಕಾದರೂ ಪರೀಕ್ಷೆಯ ಮೊದಲ ಹಂತ ನಿಮ್ಮ ಕೈಯಲ್ಲೇ ಇದೆ. ಈ ವಾರ ಅದರ ಬಗ್ಗೆ ತಿಳಿದುಕೊಳ್ಳೋಣ.

ವಿಡಾಲ್ ಹೇಳುವುದೇನು?

ಫ್ರಾನ್ಸಿನ ವೈದ್ಯ ಫರ್ನಾಂಡ್ ವಿಡಾಲ್ ಈ ಪರೀಕ್ಷೆಯನ್ನು ಪ್ರಕಟಿಸಿದ್ದು 1896ರಲ್ಲಿ. ಸಾಲ್ಮೊನೆಲ್ಲಾ ಟೈಫಿ ಎಂಬ ರೋಗಾಣು ದೇಹಕ್ಕೆ ನುಗ್ಗಿದಾಗ ರಕ್ತದಲ್ಲಿ ಅದರ ವಿರುದ್ಧ ಪ್ರತಿಕಾಯಗಳು ತಯಾರಾಗುತ್ತವೆ. ವಿಡಾಲ್ ಪರೀಕ್ಷೆ ಹುಡುಕುವುದು ಆ ಪ್ರತಿಕಾಯಗಳನ್ನೇ ಹೊರತು ರೋಗಾಣುವನ್ನಲ್ಲ. ಕಳ್ಳನನ್ನು ಹಿಡಿಯುವ ಬದಲು ಕಳ್ಳ ಬಂದಿದ್ದನೇ ಎಂದು ನಾಯಿ ಬೊಗಳಿದ್ದನ್ನು ಕೇಳಿ ಊಹಿಸಿದಂತೆ. ನಾಯಿ ಬೇರೆ ಯಾರಿಗೋ ಬೊಗಳಿರಬಹುದು. ಹಿಂದಿನ ತಿಂಗಳು ಬಂದವನನ್ನು ನೆನೆದೂ ಬೊಗಳಬಹುದು.

ಟೈಫಾಯ್ಡ್ ಸದಾ ಇರುವ ನಮ್ಮಂಥ ಊರುಗಳಲ್ಲಿ ಅನೇಕ ಆರೋಗ್ಯವಂತರ ರಕ್ತದಲ್ಲಿಯೂ ಅಷ್ಟಿಷ್ಟು ಪ್ರತಿಕಾಯ ಇದ್ದೇ ಇರುತ್ತದೆ. ಬೇರೆ ಜ್ವರಗಳಲ್ಲೂ ಈ ಪರೀಕ್ಷೆ ಪಾಸಿಟಿವ್ ಆಗುವುದುಂಟು. ಇನ್ನೊಂದು ಕಡೆ, ನಿಜವಾದ ಟೈಫಾಯ್ಡ್ ಇದ್ದರೂ ಮೊದಲ ವಾರದಲ್ಲಿ ಪ್ರತಿಕಾಯ ಸಾಕಷ್ಟು ಬೆಳೆದಿರದೆ ನೆಗೆಟಿವ್ ಬರಬಹುದು. ಹೀಗಿದ್ದೂ ಒಂದೇ ಸಲ ತೆಗೆದ ರಕ್ತದ ವಿಡಾಲ್ ನೋಡಿ ಹದಿನಾಲ್ಕು ದಿನ ಔಷಧಿ ಕೊಡುವ ಪದ್ಧತಿ ನಮ್ಮಲ್ಲಿ ಬೇರುಬಿಟ್ಟಿದೆ. ಅಗ್ಗ, ಬೇಗ, ಸಣ್ಣ ಊರಿನಲ್ಲೂ ಸಿಗುತ್ತದೆ ಎಂಬುದೇ ಇದಕ್ಕೆ ಕಾರಣ. ಡಾಕ್ಟರರನ್ನಷ್ಟೇ ದೂರಿ ಪ್ರಯೋಜನವಿಲ್ಲ. 'ಏನೋ ಒಂದು ಇವತ್ತೇ ಹೇಳಿಬಿಡಿ' ಎಂದು ಒತ್ತಾಯ ಮಾಡುವವರು ನಾವೇ.

ಒಂದೊಂದೇ ಔಷಧಿ ಕೈಕೊಟ್ಟ ಕಥೆ

ಹಿರಿಯರು ಇದನ್ನು ವಿಷಮಶೀತಜ್ವರ ಎನ್ನುತ್ತಿದ್ದರು. ಇಪ್ಪತ್ತೊಂದು ದಿನ ಗಂಜಿ ನೀರು ಕುಡಿಸಿ, ಹಣೆಗೆ ಒದ್ದೆ ಬಟ್ಟೆ ಹಾಕಿ, ದೇವರ ಮೇಲೆ ಭಾರ ಹಾಕುವ ಕಾಲ ಅದು. ನೂರು ಮಂದಿಗೆ ಬಂದರೆ ಹತ್ತರಿಂದ ಇಪ್ಪತ್ತು ಮಂದಿ ಸಾಯುತ್ತಿದ್ದರು. ಮೂರನೆಯ ವಾರದಲ್ಲಿ ಸಣ್ಣ ಕರುಳಿನ ಹುಣ್ಣು ತೂತಾಗಿ, ಇಲ್ಲವೆ ರಕ್ತ ಸುರಿದು ಪ್ರಾಣ ಹೋಗುತ್ತಿತ್ತು.

1948ರಲ್ಲಿ ಮಲಯದ ಕೌಲಾಲಂಪುರದಲ್ಲಿ ಅಮೆರಿಕದ ಥಿಯೊಡೋರ್ ವುಡ್‌ವರ್ಡ್ ಮತ್ತು ಸಂಗಡಿಗರು ಕ್ಲೋರಾಂಫೆನಿಕಾಲ್ ಎಂಬ ಹೊಸ ಔಷಧಿಯನ್ನು ಸ್ಕ್ರಬ್ ಟೈಫಸ್ ಜ್ವರಕ್ಕೆ ಪ್ರಯೋಗಿಸುತ್ತಿದ್ದರು. ಅದು ಟೈಫಾಯ್ಡ್‌ಗೂ ನಾಟುತ್ತದೆಂದು ಕಂಡುಕೊಂಡರು. ಮೂರು ವಾರದ ಜ್ವರ ಕೆಲವೇ ದಿನಗಳಲ್ಲಿ ಇಳಿಯತೊಡಗಿತು. ಸಾವು ನೂರಕ್ಕೆ ಒಂದೆರಡಕ್ಕೆ ಬಂತು. ಸುಮಾರು ಕಾಲು ಶತಮಾನ ಈ ಔಷಧಿಯೇ ನಮ್ಮ ಆಧಾರ.

1972ರಲ್ಲಿ ಮೆಕ್ಸಿಕೋದಲ್ಲಿ ಸಾವಿರಾರು ಜನರಿಗೆ ಟೈಫಾಯ್ಡ್ ತಗುಲಿತು. ಕ್ಲೋರಾಂಫೆನಿಕಾಲ್ ನಾಟಲಿಲ್ಲ. ಅದೇ ವರ್ಷ ನಮ್ಮ ಪಕ್ಕದ ಕೇರಳದ ಕಲ್ಲಿಕೋಟೆಯಲ್ಲೂ ಅದೇ ಕಥೆ. ಅಲ್ಲಿಯ ವೈದ್ಯವಿಜ್ಞಾನಿಗಳು ಈ ಪ್ರತಿರೋಧ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲದು ಎಂದು ತೋರಿಸಿ ಪ್ರಕಟಿಸಿದರು. 1980ರ ದಶಕದ ಕೊನೆಗೆ ಬರುವಷ್ಟರಲ್ಲಿ ಕ್ಲೋರಾಂಫೆನಿಕಾಲ್, ಆ್ಯಂಪಿಸಿಲಿನ್, ಕೋಟ್ರೈಮಾಕ್ಸಜೋಲ್ ಮೂರಕ್ಕೂ ಬಗ್ಗದ ಟೈಫಾಯ್ಡ್ ಭಾರತದಲ್ಲೆಲ್ಲ ಹರಡಿತ್ತು. ಆಗ ಸಿಪ್ರೊಫ್ಲಾಕ್ಸಸಿನ್ ಬಂದು ಕಾಪಾಡಿತು. ಅದನ್ನು ನಾವು ಹೇಗೆ ಬಳಸಿದೆವೆಂದರೆ, ನೆಗಡಿಗೂ ಭೇದಿಗೂ ಉರಿಮೂತ್ರಕ್ಕೂ ಅದೇ. ಹತ್ತೇ ವರ್ಷದಲ್ಲಿ ಅದರ ಹರಿತವೂ ಹೋಯಿತು. ಇಂದು ಭಾರತದ ಲ್ಯಾಬುಗಳಲ್ಲಿ ಸಿಗುವ ಟೈಫಾಯ್ಡ್ ರೋಗಾಣುಗಳಲ್ಲಿ ಬಹುಪಾಲು ಸಿಪ್ರೊಫ್ಲಾಕ್ಸಸಿನ್‌ಗೆ ಸರಿಯಾಗಿ ಮಣಿಯುವುದಿಲ್ಲ. ಸದ್ಯಕ್ಕೆ ನಮ್ಮನ್ನು ಕಾಯುತ್ತಿರುವುದು ಸೆಫ್ಟ್ರಿಯಾಕ್ಸೋನ್ ಚುಚ್ಚುಮದ್ದು, ಸೆಫಿಕ್ಸಿಮ್ ಮತ್ತು ಅಜಿತ್ರೊಮೈಸಿನ್ ಮಾತ್ರೆಗಳು. ಒಂದು ಸೋಜಿಗವೂ ಇದೆ. ಎಲ್ಲರೂ ಕೈಬಿಟ್ಟ ಹಳೆಯ ಮೂರು ಔಷಧಿಗಳಿಗೆ ಈಗ ನಮ್ಮ ದೇಶದ ರೋಗಾಣುಗಳು ಹೆಚ್ಚಾಗಿ ಮತ್ತೆ ಮಣಿಯುತ್ತಿವೆ! ಆದರೆ ನಿಮ್ಮ ಮನೆಯ ರೋಗಿಯಲ್ಲಿರುವುದು ಮಣಿಯುವ ಜಾತಿಯದೋ ಅಲ್ಲವೋ ಎಂದು ತಿಳಿಯದೆ ಅವನ್ನು ಕೊಡುವಂತಿಲ್ಲ.

2016ರ ಕೊನೆಗೆ ಪಾಕಿಸ್ತಾನದ ಸಿಂಧ್ ಪ್ರಾಂತ್ಯದ ಹೈದರಾಬಾದಿನಲ್ಲಿ ಸೆಫ್ಟ್ರಿಯಾಕ್ಸೋನ್ ಕೂಡ ಸೋತ ಟೈಫಾಯ್ಡ್ ಕಾಣಿಸಿಕೊಂಡಿತು. ಹಳೆಯ ಮೂರು ಔಷಧಿ, ಸಿಪ್ರೊಫ್ಲಾಕ್ಸಸಿನ್, ಸೆಫ್ಟ್ರಿಯಾಕ್ಸೋನ್ ಎಲ್ಲಕ್ಕೂ ಅದು ಜಗ್ಗಲಿಲ್ಲ. ಬಾಯಿಂದ ಕೊಡಬಹುದಾದ ಔಷಧಿಯಾಗಿ ಉಳಿದದ್ದು ಅಜಿತ್ರೊಮೈಸಿನ್ ಒಂದೇ. ರೋಗಾಣುವಿನ ವಂಶವಾಹಿಗಳನ್ನು ಓದಿದ ವಿಜ್ಞಾನಿಗಳು 2018ರಲ್ಲಿ ಅದರ ಗುಟ್ಟು ಹೇಳಿದರು. ಟೈಫಾಯ್ಡ್ ರೋಗಾಣುವಿನೊಳಗೆ ಹೊಸದೊಂದು ಪ್ಲಾಸ್ಮಿಡ್ ಸೇರಿಕೊಂಡಿತ್ತು. ಪ್ಲಾಸ್ಮಿಡ್ ಎಂದರೆ ಉಂಗುರದಂಥ ವಂಶವಾಹಿ ತುಣುಕು. ಬ್ಯಾಕ್ಟೀರಿಯಾಗಳು ಇದನ್ನು ಒಂದಕ್ಕೊಂದು ದಾಟಿಸಿಕೊಳ್ಳುತ್ತವೆ. ಇದು ಕರುಳಿನಲ್ಲಿ ವಾಸಿಸುವ ಇ. ಕೋಲಿಯಂಥ ಬ್ಯಾಕ್ಟೀರಿಯಾದಿಂದ ಬಂದಿರಬೇಕೆಂದು ಅವರು ಊಹಿಸಿದರು.

ಕರುಳೆಂಬ ಸಂತೆ

ಈ ದಾಟಿಸಾಟ ಮೊದಲು ತಿಳಿದುಬಂದದ್ದು ಜಪಾನಿನಲ್ಲಿ. 1950ರ ದಶಕದಲ್ಲಿ ಅಲ್ಲಿ ರಕ್ತಭೇದಿ ಹಾವಳಿಯಾಗಿತ್ತು. ಭೇದಿಯನ್ನು ತರುವ ಷಿಗೆಲ್ಲಾ ರೋಗಾಣು ಒಮ್ಮೆಲೇ ನಾಲ್ಕು ಔಷಧಿಗಳಿಗೆ ಪ್ರತಿರೋಧ ತೋರಿಸಿತು. ಒಂದೊಂದಕ್ಕೆ ಒಂದೊಂದು ಸಲ ಅಲ್ಲ, ನಾಲ್ಕಕ್ಕೂ ಒಟ್ಟಿಗೆ! ಅದೇ ರೋಗಿಯ ಕರುಳಿನಲ್ಲಿದ್ದ, ಯಾವ ಕಾಯಿಲೆಯನ್ನೂ ತರದ ಇ. ಕೋಲಿಯಲ್ಲೂ ಅದೇ ನಾಲ್ಕು ಪ್ರತಿರೋಧ ಕಂಡಿತು. 1959ರಲ್ಲಿ ಒಚಿಯಾಯ್ ಮತ್ತು ಅಕಿಬ ಎಂಬ ವಿಜ್ಞಾನಿಗಳು, ಒಂದರ ಸಾಮರ್ಥ್ಯ ಇನ್ನೊಂದಕ್ಕೆ ಬರಿಯ ಸಂಪರ್ಕದಿಂದಲೇ ಹೋಗುತ್ತದೆಂದು ಬೇರೆ ಬೇರೆಯಾಗಿ ತೋರಿಸಿದರು.

ನೀವು ನೆಗಡಿಗೆಂದು ನುಂಗಿದ ಬೇಡದ ಆ್ಯಂಟಿಬಯಾಟಿಕ್ ಏನು ಮಾಡುತ್ತದೆ ಎಂಬುದು ಈಗ ಗೊತ್ತಾಗಿರಬೇಕು. ನೆಗಡಿಯ ವೈರಸ್ಸಿಗೆ ಅದರಿಂದ ಏನೂ ಆಗದು. ಕರುಳಿನಲ್ಲಿರುವ ಮೆತ್ತನೆಯ ಬ್ಯಾಕ್ಟೀರಿಯಾಗಳು ಸತ್ತು, ಪ್ರತಿರೋಧ ಕಲಿತವು ಮಾತ್ರ ಉಳಿದು ಬೆಳೆಯುತ್ತವೆ. ಮುಂದೆಂದೋ ಹೋಟೆಲಿನ ನೀರಿನ ಮೂಲಕ ಟೈಫಾಯ್ಡ್ ರೋಗಾಣು ಒಳಗೆ ಬಂದಾಗ ಅದಕ್ಕೆ ಬೇಕಾದ ಸರಕು ಅಲ್ಲಿ ಸಿದ್ಧವಾಗಿರುತ್ತದೆ.

ಕಲ್ಚರ್ ಎಂದರೆ ಹೆಪ್ಪು ಹಾಕಿದಂತೆ

ರೋಗಾಣುವನ್ನೇ ಹಿಡಿದು ಬೆಳೆಸಿ, ಅದರ ಮೇಲೆ ಔಷಧಿಗಳನ್ನು ಪ್ರಯೋಗಿಸಿ ನೋಡುವ ಪರೀಕ್ಷೆಗೆ 'ಕಲ್ಚರ್ ಅಂಡ್ ಸೆನ್ಸಿಟಿವಿಟಿ' ಎನ್ನುತ್ತಾರೆ. ಒಂದು ಚಮಚ ಹೆಪ್ಪು ಹಾಕಿ ರಾತ್ರಿ ಇಟ್ಟರೆ ಬೆಳಗ್ಗೆ ಪಾತ್ರೆಯ ಹಾಲೆಲ್ಲ ಮೊಸರಾಗುತ್ತದಲ್ಲ, ಅಲ್ಲಿ ಆಗುವುದೂ ಇದೇ. ರೋಗಿಯ ರಕ್ತವನ್ನು ಪೌಷ್ಟಿಕ ದ್ರವ ತುಂಬಿದ ಬಾಟಲಿಗೆ ಹಾಕಿ ದೇಹದಷ್ಟೇ ಬೆಚ್ಚಗೆ ಇಡುತ್ತಾರೆ. ರೋಗಾಣು ಬೆಳೆದಂತೆ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಹೊಸ ಯಂತ್ರಗಳು ಹತ್ತಿಪ್ಪತ್ತು ನಿಮಿಷಕ್ಕೊಮ್ಮೆ ಬಾಟಲಿಯನ್ನು ನೋಡುತ್ತಾ, ಬೆಳವಣಿಗೆ ಕಂಡೊಡನೆ ಕೂಗಿ ಹೇಳುತ್ತವೆ. ಟೈಫಾಯ್ಡ್ ಇದ್ದರೆ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಸೂಚನೆ ಬರುತ್ತದೆ. ಏನೂ ಬೆಳೆಯಲಿಲ್ಲವೆಂದು ಹೇಳಲು ಐದು ದಿನ ಕಾಯುತ್ತಾರೆ.

ಬೆಳೆದದ್ದನ್ನು ತೆಗೆದು ಗಾಜಿನ ತಟ್ಟೆಯ ಮೇಲೆ ಹರಡಿ ಇನ್ನೊಂದು ರಾತ್ರಿ. ಅದು ಯಾವ ಜಾತಿ ಎಂದು ಗುರುತಿಸಲು ಮತ್ತೆ ಒಂದು ದಿನ. ಅನಂತರ ಇನ್ನೊಂದು ತಟ್ಟೆಯ ಮೇಲೆ ರೋಗಾಣು ಹರಡಿ, ಅದರ ಮೇಲೆ ಔಷಧಿ ಅದ್ದಿದ ಪುಟ್ಟ ಕಾಗದದ ಬಿಲ್ಲೆಗಳನ್ನು ಇಟ್ಟು ಹದಿನಾರು ಹದಿನೆಂಟು ಗಂಟೆ ಕಾಯುತ್ತಾರೆ. ಯಾವ ಬಿಲ್ಲೆಯ ಸುತ್ತ ರೋಗಾಣು ಬೆಳೆಯದೆ ಬರಿದಾದ ವೃತ್ತ ಉಳಿಯಿತೋ ಆ ಔಷಧಿ ನಾಟುತ್ತದೆ. ಬಿಲ್ಲೆಗೆ ತಾಗಿಕೊಂಡೇ ಬೆಳೆದರೆ ಅದು ಪ್ರಯೋಜನವಿಲ್ಲ. ವೃತ್ತದ ಅಗಲವನ್ನು ಮಿಲಿಮೀಟರಿನಲ್ಲಿ ಅಳೆದು ಪಟ್ಟಿಯೊಂದಿಗೆ ಹೋಲಿಸಿ ತೀರ್ಮಾನ. 1966ರಲ್ಲಿ ಬಾವರ್, ಕರ್ಬಿ ಮತ್ತಿಬ್ಬರು ಗೊತ್ತುಮಾಡಿದ ಈ ವಿಧಾನ ಇವತ್ತಿಗೂ ಸಾವಿರಾರು ಲ್ಯಾಬುಗಳ ದಿನನಿತ್ಯದ ಕೆಲಸ. ರಿಪೋರ್ಟಿನಲ್ಲಿ ಔಷಧಿಯ ಹೆಸರಿನ ಮುಂದೆ 'ಎಸ್' ಇದ್ದರೆ ನಾಟುತ್ತದೆ, 'ಆರ್' ಇದ್ದರೆ ನಾಟದು. 'ಐ' ಎಂದರೆ ನಡುವಿನದು. ಡಾಕ್ಟರರು ಪ್ರಮಾಣ ನೋಡಿ ತೀರ್ಮಾನಿಸಬೇಕು.

ಎಲ್ಲ ಸೇರಿ ನಾಲ್ಕು ದಿನ, ಕೆಲವೊಮ್ಮೆ ಐದು. ಅಷ್ಟರೊಳಗೆ ರೋಗಿಗೆ ಏನಾದರೂ ಕೊಡಲೇಬೇಕಲ್ಲ! ಅನುಭವದ ಮೇಲೆ ಒಂದು ಔಷಧಿ ಶುರುಮಾಡುತ್ತಾರೆ. ಅದು ಗುರಿ ತಪ್ಪಿದ್ದರೆ ನಾಲ್ಕು ದಿನ ವ್ಯರ್ಥ. ಗುರಿ ತಪ್ಪೀತೆಂಬ ಭಯದಿಂದ ಮೊದಲೇ ದೊಡ್ಡ ಔಷಧಿ ಕೊಟ್ಟರೆ, ಆ ದೊಡ್ಡ ಔಷಧಿಯೂ ಬೇಗ ಸವೆಯುತ್ತದೆ. ಈ ನಾಲ್ಕು ದಿನವನ್ನು ಕಡಿಮೆ ಮಾಡುವುದೇ ಲ್ಯಾಬುಗಳ ಈಗಿನ ಓಟ.

ಬಣ್ಣ ನೋಡಿ ಹೇಳುವ ಪರೀಕ್ಷೆ

ಆರತಿಯ ನೀರು ನೋಡಿದ್ದೀರಿ. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದರೆ ಕೆಂಪಾಗುತ್ತದೆ. ಅದಕ್ಕೆ ನಿಂಬೆರಸ ಹಿಂಡಿದರೆ ಮತ್ತೆ ಹಳದಿ. ಕ್ಷಾರಕ್ಕೆ ಒಂದು ಬಣ್ಣ, ಆಮ್ಲಕ್ಕೆ ಒಂದು ಬಣ್ಣ. ಇಷ್ಟೇ ತತ್ವದ ಮೇಲೆ 2012ರಲ್ಲಿ ಫ್ರಾನ್ಸಿನ ನಾರ್ಡ್‌ಮನ್, ಪೋಯ್‌ರೆಲ್, ಡೋರ್ಟೆ ಎಂಬ ಸಂಶೋಧಕರು 'ಕಾರ್ಬಾ ಎನ್‌ಪಿ' ಎಂಬ ಪರೀಕ್ಷೆ ತಯಾರಿಸಿದರು.

ಇದು ಟೈಫಾಯ್ಡ್‌ಗಿಂತ ಹೆಚ್ಚಾಗಿ ಆಸ್ಪತ್ರೆಯ ಐ.ಸಿ.ಯು. ಸೋಂಕುಗಳಿಗೆ ಬೇಕಾದದ್ದು. ಕರುಳಿನಲ್ಲಿ ಸುಮ್ಮನಿರುವ ಇ. ಕೋಲಿ, ಕ್ಲೆಬ್ಸಿಯೆಲ್ಲಾಗಳು ಆಪರೇಷನ್ ಆದವರಲ್ಲಿ, ನಳಿಕೆ ಹಾಕಿಸಿಕೊಂಡವರಲ್ಲಿ ರಕ್ತಕ್ಕೂ ಶ್ವಾಸಕೋಶಕ್ಕೂ ನುಗ್ಗುತ್ತವೆ. ಅಂಥವರಿಗೆ ಕೊನೆಯ ಅಸ್ತ್ರ ಕಾರ್ಬಪೆನೆಮ್ ಗುಂಪಿನ ಔಷಧಿ. ಕೆಲವು ಬ್ಯಾಕ್ಟೀರಿಯಾಗಳು ಅದನ್ನೂ ಕತ್ತರಿಸಿ ಹಾಕುವ ಕಿಣ್ವ ತಯಾರಿಸುತ್ತವೆ. 2008ರಲ್ಲಿ ಸ್ವೀಡನ್ನಿನಲ್ಲಿ ಒಬ್ಬ ರೋಗಿಯಲ್ಲಿ ಸಿಕ್ಕ ಇಂಥ ಕಿಣ್ವಕ್ಕೆ, ಆತ ಮೊದಲು ದೆಹಲಿಯಲ್ಲಿ ಚಿಕಿತ್ಸೆ ಪಡೆದಿದ್ದನೆಂದು 'ನವದೆಹಲಿ'ಯ ಹೆಸರಿಟ್ಟಿದ್ದು, 2010ರಲ್ಲಿ ನಮ್ಮಲ್ಲಿ ದೊಡ್ಡ ಗದ್ದಲವಾದದ್ದು ನಿಮಗೆ ನೆನಪಿರಬಹುದು. ಹೆಸರಿನ ಜಗಳ ಮುಗಿಯಿತು, ಕಿಣ್ವ ಮಾತ್ರ ಇಲ್ಲೇ ಇದೆ.

ಪರೀಕ್ಷೆ ಹೀಗೆ: ಬೆಳೆದ ಬ್ಯಾಕ್ಟೀರಿಯಾದ ರಸಕ್ಕೆ ಆ ಔಷಧಿಯನ್ನೂ ಫಿನಾಲ್ ರೆಡ್ ಎಂಬ ಬಣ್ಣವನ್ನೂ ಬೆರೆಸುತ್ತಾರೆ. ಕಿಣ್ವ ಇದ್ದರೆ ಔಷಧಿ ತುಂಡಾಗಿ ಆಮ್ಲ ಹುಟ್ಟುತ್ತದೆ. ಕೆಂಪು ದ್ರವ ಹಳದಿಯಾಗುತ್ತದೆ. ಎರಡು ಗಂಟೆಯೊಳಗೆ ಉತ್ತರ. ಸೆಫ್ಟ್ರಿಯಾಕ್ಸೋನಿನ ಬಳಗದ ಔಷಧಿಗಳನ್ನು ಕತ್ತರಿಸುವ ಕಿಣ್ವವನ್ನು ಪತ್ತೆಹಚ್ಚಲೂ ಇದೇ ಬಗೆಯ ಪರೀಕ್ಷೆ ಅದೇ ವರ್ಷ ಬಂತು. ದುಬಾರಿ ಯಂತ್ರ ಬೇಡ, ಕಣ್ಣು ಸಾಕು. ಜಿಲ್ಲಾಸ್ಪತ್ರೆಯ ಲ್ಯಾಬಿನಲ್ಲೂ ಮಾಡಬಹುದಾದದ್ದು ಎಂಬುದರಿಂದ ನನಗೆ ಇದು ಹೆಚ್ಚು ಮೆಚ್ಚುಗೆ.

ಹಳೆಯ ಬಿಲ್ಲೆಯ ವಿಧಾನವೂ ಚುರುಕಾಗಿದೆ. ಯೂಕಾಸ್ಟ್ ಎಂಬ ಯುರೋಪಿನ ಸಮಿತಿ 2018ರಲ್ಲಿ ಒಂದು ಕ್ರಮ ಹೊರತಂದಿತು. ಯಂತ್ರ ಕೂಗಿದ ಬಾಟಲಿಯಿಂದಲೇ ನೇರವಾಗಿ ತಟ್ಟೆಗೆ ಹರಡಿ ಬಿಲ್ಲೆ ಇಟ್ಟು, ಮರುದಿನದವರೆಗೆ ಕಾಯದೆ ನಾಲ್ಕು, ಆರು, ಎಂಟು ಗಂಟೆಗೆ ವೃತ್ತ ಅಳೆಯುವುದು. ಇ. ಕೋಲಿ, ಕ್ಲೆಬ್ಸಿಯೆಲ್ಲಾ ಮುಂತಾದ ಕೆಲವು ಬ್ಯಾಕ್ಟೀರಿಯಾಗಳಿಗೆ ಪ್ರತಿ ಗಂಟೆಗೂ ಬೇರೆ ಬೇರೆ ಅಳತೆ ಗೊತ್ತುಮಾಡಿದ್ದಾರೆ. ಬಿಲ್ಲೆ ಅದೇ, ತಟ್ಟೆ ಅದೇ. ಹೆಚ್ಚಿಗೆ ಬೇಕಾದದ್ದು ರಾತ್ರಿ ಪಾಳಿಯಲ್ಲಿ ಎದ್ದು ಅಳೆಯುವ ಒಬ್ಬ ಟೆಕ್ನೀಶಿಯನ್. ನಮ್ಮ ಎಷ್ಟೋ ಲ್ಯಾಬುಗಳಲ್ಲಿ ಇಲ್ಲದಿರುವುದು ಯಂತ್ರಕ್ಕಿಂತ ಹೆಚ್ಚಾಗಿ ಈ ಒಬ್ಬ ವ್ಯಕ್ತಿಯೇ.

ದೊಡ್ಡ ಲ್ಯಾಬುಗಳಲ್ಲಿ ಬ್ಯಾಕ್ಟೀರಿಯಾದ ಜಾತಿ ಗುರುತಿಸಲು 'ಮಾಲ್ಡಿ-ಟಾಫ್' ಯಂತ್ರ ಬಂದಿದೆ. ಲೇಸರ್ ಬೆಳಕು ಹಾಯಿಸಿ ಅದರ ಪ್ರೋಟೀನುಗಳ ತೂಕದ ನಮೂನೆ ನೋಡಿ, ಒಂದು ದಿನದ ಕೆಲಸವನ್ನು ಕೆಲವೇ ನಿಮಿಷಗಳಲ್ಲಿ ಮುಗಿಸುತ್ತದೆ. ಇನ್ನು ಪಿ.ಸಿ.ಆರ್. ನಿಮಗೆ ಕೋವಿಡ್ ಕಾಲದಿಂದ ಪರಿಚಿತ. ಕ್ಷಯದ ಪರೀಕ್ಷೆಗೆ ಬಳಸುವ ಜೀನ್‌ಎಕ್ಸ್‌ಪರ್ಟ್ ಯಂತ್ರಕ್ಕೇ ಬೇರೆ ಡಬ್ಬಿ ಹಾಕಿದರೆ, ಗುದದ್ವಾರದಿಂದ ತೆಗೆದ ಹತ್ತಿಕಡ್ಡಿಯಿಂದ ಐದು ಮುಖ್ಯ ಕಾರ್ಬಪೆನೆಮ್ ಪ್ರತಿರೋಧ ವಂಶವಾಹಿಗಳನ್ನು ಸುಮಾರು ಒಂದು ಗಂಟೆಯಲ್ಲಿ ಹುಡುಕುತ್ತದೆ.

2024ರ ಜೂನ್‌ನಲ್ಲಿ ಬ್ರಿಟನ್ನಿನ ಲಾಂಗಿಟ್ಯೂಡ್ ಪ್ರಶಸ್ತಿ, 80 ಲಕ್ಷ ಪೌಂಡ್, ಸ್ವೀಡನ್ನಿನಲ್ಲಿ ರೂಪುಗೊಂಡ ಒಂದು ಪುಟ್ಟ ಯಂತ್ರಕ್ಕೆ ಸಂದಿತು. ಉರಿಮೂತ್ರದ ರೋಗಿಯ ಮೂತ್ರದ ಹನಿಯನ್ನು ಕೂದಲಿಗಿಂತ ಸಣ್ಣ ಕಾಲುವೆಗಳಿರುವ ಬಿಲ್ಲೆಯೊಳಗೆ ಹಾಯಿಸಿ, ಸೂಕ್ಷ್ಮದರ್ಶಕದ ಕ್ಯಾಮೆರಾದಿಂದ ಒಂದೊಂದೇ ಬ್ಯಾಕ್ಟೀರಿಯಾವನ್ನು ನೋಡುತ್ತದೆ. ಔಷಧಿಯ ಎದುರು ಅದು ಬೆಳೆಯುತ್ತಿದೆಯೋ ನಿಂತಿತೋ ಎಂದು ಮುಕ್ಕಾಲು ಗಂಟೆಯಲ್ಲಿ ಹೇಳುತ್ತದೆ. ಉರಿಮೂತ್ರಕ್ಕೆ ಹೆಚ್ಚಾಗಿ ಕಾರಣವೂ ಕರುಳಿನಿಂದ ಬಂದ ಇ. ಕೋಲಿಯೇ. ಆದರೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಲಕ್ಷಗಟ್ಟಲೆ ಇರುತ್ತವೆ. ಟೈಫಾಯ್ಡ್ ರೋಗಿಯ ರಕ್ತದಲ್ಲಿ ಹಾಗಲ್ಲ. ತೊಡಕಿರುವುದು ಇಲ್ಲೇ.

ಒಂದು ಮಿಲಿಗೆ ಒಂದೇ ರೋಗಾಣು

ಟೈಫಾಯ್ಡ್ ರೋಗಿಯ ರಕ್ತದ ಒಂದು ಮಿಲಿಲೀಟರಿನಲ್ಲಿ ಸಾಮಾನ್ಯವಾಗಿ ಇರುವುದು ಒಂದು ರೋಗಾಣು. ಎಷ್ಟೋ ಸಲ ಅದಕ್ಕಿಂತಲೂ ಕಡಿಮೆ. ಹಾಗಾಗಿ ಪಿ.ಸಿ.ಆರ್. ಯಂತ್ರಕ್ಕೂ ಅದು ಸುಲಭವಾಗಿ ಸಿಗುವುದಿಲ್ಲ. ಮೊದಲು ಬೆಳೆಸಿಕೊಳ್ಳಲೇಬೇಕು. ದೊಡ್ಡವರಿಗೆ ಎಂಟು ಹತ್ತು ಮಿಲಿ, ಅಂದರೆ ಎರಡು ಚಹಾ ಚಮಚದಷ್ಟು ರಕ್ತ ತೆಗೆಯುವುದು ಇದಕ್ಕೇ. ಮಕ್ಕಳಿಗೆ ತೂಕಕ್ಕೆ ತಕ್ಕಂತೆ ಕಡಿಮೆ. 'ಅಷ್ಟೊಂದು ರಕ್ತ ಯಾಕೆ?' ಎಂದು ಲ್ಯಾಬಿನವರೊಡನೆ ಜಗಳಕ್ಕೆ ನಿಲ್ಲುವವರಿದ್ದಾರೆ. ಎರಡು ಮಿಲಿ ಕೊಟ್ಟರೆ ಸಿಗುವ ರೋಗಾಣುವೂ ಕೈತಪ್ಪುತ್ತದೆ ಎಂಬುದು ಅವರಿಗೆ ತಿಳಿದಿರುವುದಿಲ್ಲ. ಎಲ್ಲ ಸರಿಯಾಗಿ ಮಾಡಿದರೂ ನೂರು ಟೈಫಾಯ್ಡ್ ರೋಗಿಗಳಲ್ಲಿ ರಕ್ತದ ಕಲ್ಚರ್ ಹಿಡಿಯುವುದು ಸುಮಾರು ಐವತ್ತರಿಂದ ಅರವತ್ತು ಮಂದಿಯನ್ನು. ಆದುದರಿಂದ ನೆಗೆಟಿವ್ ಬಂದ ಮಾತ್ರಕ್ಕೆ ಟೈಫಾಯ್ಡ್ ಅಲ್ಲವೆಂದು ನೀವೇ ತೀರ್ಮಾನಿಸಿ ಔಷಧಿ ನಿಲ್ಲಿಸಬಾರದು.

ಈ ಒಂದೆರಡು ರೋಗಾಣುಗಳನ್ನೂ ಕಳೆದುಕೊಳ್ಳುವ ಖಚಿತ ದಾರಿಯೆಂದರೆ ರಕ್ತ ಕೊಡುವ ಮೊದಲು ಆ್ಯಂಟಿಬಯಾಟಿಕ್ ನುಂಗುವುದು. ಹಸು ಸಾಕಿದವರಿಗೆ ಇದು ಗೊತ್ತು: ಕೆಚ್ಚಲುಬಾವಿಗೆಂದು ಚುಚ್ಚುಮದ್ದು ಕೊಟ್ಟ ದಿನಗಳಲ್ಲಿ ಕರೆದ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಸರಿಯಾಗಿ ಗಟ್ಟಿಯಾಗುವುದಿಲ್ಲ. ಹಾಲಿನಲ್ಲಿರುವ ಔಷಧಿ ಹೆಪ್ಪಿನ ಬ್ಯಾಕ್ಟೀರಿಯಾವನ್ನು ತಡೆದಿರುತ್ತದೆ. ಬಾಟಲಿಯ ರಕ್ತದಲ್ಲೂ ಆಗುವುದು ಅದೇ. ಅರ್ಧಂಬರ್ಧ ನುಂಗಿದ ಎರಡು ಮಾತ್ರೆ ದೇಹದೊಳಗಿನ ರೋಗವನ್ನು ಗುಣಪಡಿಸದು, ಆದರೆ ಬಾಟಲಿಯಲ್ಲಿ ರೋಗಾಣು ಬೆಳೆಯದಂತೆ ಮಾಡಲು ಸಾಕು. ಕೆಲವು ಬಾಟಲಿಗಳಲ್ಲಿ ಔಷಧಿಯನ್ನು ಹೀರಿಕೊಳ್ಳುವ ಕಣಗಳನ್ನು ಹಾಕಿರುತ್ತಾರೆ. ಅದರಿಂದ ಸ್ವಲ್ಪ ಅನುಕೂಲ, ಪೂರ್ತಿಯಲ್ಲ.

ಆದುದರಿಂದ ಜ್ವರ ಮೂರು ದಿನ ದಾಟಿದರೆ ಅಂಗಡಿಯ ಮಾತ್ರೆಯ ಬದಲು ಡಾಕ್ಟರರ ಬಳಿ ಹೋಗಿ. ಅವರು ಆ್ಯಂಟಿಬಯಾಟಿಕ್ ಬರೆಯಲು ಪೆನ್ನು ಎತ್ತಿದಾಗ, 'ಡಾಕ್ಟ್ರೇ, ಇದನ್ನು ಶುರುಮಾಡುವ ಮುಂಚೆ ಬ್ಲಡ್ ಕಲ್ಚರ್‌ಗೆ ಕೊಡಬಹುದೇ?' ಎಂದು ಕೇಳಿ. ಯಾವ ಡಾಕ್ಟರರೂ ಇದರಿಂದ ಬೇಸರಪಡಬೇಕಾಗಿಲ್ಲ. ಖಾಲಿ ಹೊಟ್ಟೆ ಬೇಕಿಲ್ಲ. ಜ್ವರ ಏರುವುದನ್ನು ಕಾಯಬೇಕಿಲ್ಲ. ಮೊದಲೇ ಮಾತ್ರೆ ನುಂಗಿದ್ದರೆ ಅದರ ಹೆಸರು, ಎಷ್ಟು ಸಲ ಎಂಬುದನ್ನು ಮುಚ್ಚಿಡದೆ ಹೇಳಿ. ಖಾಲಿ ಪಟ್ಟಿಯನ್ನೇ ತೋರಿಸಿದರೆ ಇನ್ನೂ ಒಳ್ಳೆಯದು. ರೋಗಿ ತುಂಬಾ ನಿತ್ರಾಣನಾಗಿದ್ದರೆ ರಿಪೋರ್ಟಿಗೆ ಕಾಯುವ ಮಾತೇ ಇಲ್ಲ. ರಕ್ತ ತೆಗೆದು ಅದೇ ಗಳಿಗೆಯಲ್ಲಿ ಔಷಧಿ ಶುರುಮಾಡುತ್ತಾರೆ. ರಿಪೋರ್ಟು ಬಂದ ಮೇಲೆ ಬೇಕಾದರೆ ಬದಲಿಸುತ್ತಾರೆ.

'ಮೂರು ದಿನವಾಯ್ತು, ಜ್ವರ ಬಿಟ್ಟಿಲ್ಲ'

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಹೆಚ್ಚಿನ ಗಾಬರಿ ಆಗುವುದು ಇಲ್ಲಿಯೇ. ಟೈಫಾಯ್ಡ್‌ನಲ್ಲಿ ಸರಿಯಾದ ಔಷಧಿ ಕೊಟ್ಟರೂ ಜ್ವರ ಅಂದೇ ಇಳಿಯುವುದಿಲ್ಲ. ಸೆಫ್ಟ್ರಿಯಾಕ್ಸೋನ್ ಶುರುವಾದ ಮೇಲೆ ನಾಲ್ಕೈದು ದಿನ, ಕೆಲವರಲ್ಲಿ ಒಂದು ವಾರವೂ ಜ್ವರ ಬರುತ್ತಿರಬಹುದು. ರೋಗಾಣುಗಳು ನಮ್ಮ ಜೀವಕೋಶಗಳ ಒಳಗೇ ಅಡಗಿ ಕೂರುವುದರಿಂದ ಹೀಗೆ. ಮೂರನೆಯ ದಿನಕ್ಕೇ 'ಔಷಧಿ ನಾಟಲಿಲ್ಲ' ಎಂದು ಆಸ್ಪತ್ರೆ ಬದಲಿಸುವವರು, ಅಲ್ಲಿ ಇನ್ನೊಂದು ಹೊಸ ಔಷಧಿ ಶುರುಮಾಡಿಸುವವರು ಬಹಳ. ನಾಟುತ್ತಿದ್ದ ಔಷಧಿಯನ್ನೇ ಹೀಗೆ ಕೈಬಿಟ್ಟಂತಾಗುತ್ತದೆ.

ಕಲ್ಚರ್ ರಿಪೋರ್ಟು ಕೈಯಲ್ಲಿದ್ದರೆ ಈ ಗೊಂದಲವಿಲ್ಲ. ಕೊಡುತ್ತಿರುವ ಔಷಧಿಯ ಮುಂದೆ 'ಎಸ್' ಇದೆಯೇ? ಹಾಗಾದರೆ ತಾಳ್ಮೆಯಿಂದ ಕಾಯಬಹುದು. 'ಆರ್' ಇದೆಯೇ? ಹಾಗಾದರೆ ಒಂದು ದಿನವೂ ಕಾಯದೆ ಬದಲಿಸಬೇಕು. ಆದರೆ ಹೊಟ್ಟೆ ಉಬ್ಬರಿಸಿ ತೀವ್ರ ನೋವು ಬಂದರೆ, ಮಲ ಕಪ್ಪಗೆ ಅಥವಾ ರಕ್ತಮಿಶ್ರಿತವಾಗಿ ಹೋದರೆ, ರೋಗಿ ಬಡಬಡಿಸತೊಡಗಿದರೆ ಯಾವ ರಿಪೋರ್ಟನ್ನೂ ನೋಡುತ್ತ ಕೂರದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಭೇದಿಗೆ ಕಲ್ಚರ್ ಬೇಕೇ?

ಸಾಮಾನ್ಯ ನೀರುಭೇದಿಗೆ ಬೇಡ. ಅದಕ್ಕೆ ಆ್ಯಂಟಿಬಯಾಟಿಕ್ಕೂ ಬೇಡ. ಒ.ಆರ್.ಎಸ್. ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿನಲ್ಲಿ ಕದಡಿ ಗುಟುಕು ಗುಟುಕಾಗಿ ಕುಡಿಸಿ. ಮಕ್ಕಳಾದರೆ ಡಾಕ್ಟರರು ಹೇಳಿದಂತೆ ಹದಿನಾಲ್ಕು ದಿನ ಸತುವಿನ ಮಾತ್ರೆ. ಊಟ, ಎದೆಹಾಲು ನಿಲ್ಲಿಸಬೇಡಿ. ಮಲದಲ್ಲಿ ರಕ್ತ ಬಿದ್ದು ಜ್ವರವೂ ಇದ್ದರೆ ಮಾತ್ರ ಬೇರೆ ಲೆಕ್ಕ. ಅದು ಷಿಗೆಲ್ಲಾ ಇರಬಹುದು, ಔಷಧಿ ಬೇಕಾಗುತ್ತದೆ, ಮಲದ ಕಲ್ಚರ್ ಉಪಯೋಗಕ್ಕೆ ಬರುತ್ತದೆ. ಷಿಗೆಲ್ಲಾ ಹೊರಗೆ ಬೇಗ ಸಾಯುವ ರೋಗಾಣು. ಬೆಳಗ್ಗೆ ತೆಗೆದಿಟ್ಟ ಮಲವನ್ನು ಸಂಜೆ ಆಫೀಸು ಮುಗಿಸಿ ಲ್ಯಾಬಿಗೆ ಕೊಟ್ಟರೆ ಏನೂ ಸಿಗದು. ಎರಡು ಗಂಟೆಯೊಳಗೆ ತಲುಪಿಸಿ.

ಲಸಿಕೆಯ ಮಾತು ಬಿಡುವಂತಿಲ್ಲ. ಸಿಂಧ್‌ನ ಹೈದರಾಬಾದಿನಲ್ಲಿ ರೋಗ ಹಬ್ಬಿದಾಗ 2018ರಲ್ಲಿ ಅಲ್ಲಿಯ ಮಕ್ಕಳಿಗೆ ಹಾಕಿದ್ದು ನಮ್ಮ ಹೈದರಾಬಾದಿನಲ್ಲಿ ತಯಾರಾದ ಟೈಫಾಯ್ಡ್ ಕಾಂಜುಗೇಟ್ ಲಸಿಕೆ. 2019ರಲ್ಲಿ ಪಾಕಿಸ್ತಾನ ಅದನ್ನು ಮಕ್ಕಳ ನಿತ್ಯ ಲಸಿಕೆಯ ಪಟ್ಟಿಗೆ ಸೇರಿಸಿತು. ಹಾಗೆ ಮಾಡಿದ ಮೊದಲ ದೇಶ ಅದು. ಆರು ತಿಂಗಳು ತುಂಬಿದ ಮಗುವಿಗೆ ಇದನ್ನು ಹಾಕಿಸಬಹುದು. ನಿಮ್ಮ ಮಕ್ಕಳ ಡಾಕ್ಟರರನ್ನು ಕೇಳಿ. ಲಸಿಕೆ ಹಾಕಿಸಿಕೊಂಡವರ ದೇಹಕ್ಕೆ ರೋಗ ಬಾರದಿದ್ದರೆ ಔಷಧಿ ನಾಟುವ ಪ್ರಶ್ನೆಯೂ ಏಳುವುದಿಲ್ಲ.

ಕೊನೆಯದಾಗಿ ಆ ಕಾಗದದ ಬಗ್ಗೆ. ಜ್ವರ ಬಿಟ್ಟಮೇಲೆ ಕಲ್ಚರ್ ರಿಪೋರ್ಟನ್ನು ಹಳೆಯ ಪೇಪರಿನೊಡನೆ ಹಾಕಬೇಡಿ. ಟೈಫಾಯ್ಡ್ ಗುಣವಾದವರಲ್ಲಿ ಕೆಲವರಿಗೆ ಎರಡು ಮೂರು ವಾರದ ಬಳಿಕ ಜ್ವರ ಮರುಕಳಿಸುತ್ತದೆ. ಆಗ ಸಾಮಾನ್ಯವಾಗಿ ಇರುವುದು ಅದೇ ರೋಗಾಣು. ಹಿಂದಿನ ರಿಪೋರ್ಟು ತೋರಿಸಿದರೆ ಡಾಕ್ಟರರು ಮೊದಲ ದಿನವೇ ಸರಿಯಾದ ಔಷಧಿ ಆರಿಸಬಹುದು. ಆಗಲೂ ಹೊಸ ಔಷಧಿ ಶುರುಮಾಡುವ ಮುನ್ನ ಇನ್ನೊಮ್ಮೆ ರಕ್ತ ಕೊಟ್ಟೇ ಹೋಗಿ.